ಎರಡು ಗುಲಗಂಜಿ ನೀರು

ನನ್ನ ಅಣ್ಣನ ಬಲಗೆನ್ನೆಯ ಮೇಲೆ ಸಾಸಿವೆ ಕಾಳಿನಷ್ಟು ಮೂರು ಕಪ್ಪು ಚುಕ್ಕೆಗಳಿವೆ. ಹುಟ್ಟಿನಿಂದ ಬಂದವಲ್ಲ. ಗುರಿಯ ಕಡೆಗೆ ಹೋಗಬೇಕಾದ ಬೆಂಕಿಯಲ್ಲಿ ಒಂದು ಪಾಲನ್ನು ಅವನ ಸ್ವಂತ ರೈಫಲ್ಲೇ ಹಿಂದಕ್ಕೆ ಉಗುಳಿದ ಗುರುತು ಅದು. ಅವತ್ತು ಅವನು ಕನ್ನಡಕ ಹಾಕಿಕೊಂಡಿದ್ದ. ಹಾಗಾಗಿ ಕಣ್ಣು ಉಳಿಯಿತು.

ನಮ್ಮದು ಬೆಟಗೇರಿಯ ನೇಕಾರರ ಮನೆ. ಅಪ್ಪ ಕೊನೆಯವರೆಗೂ ಕೈಮಗ್ಗ ಬಿಡಲಿಲ್ಲ. ಅಣ್ಣ ಮಾತ್ರ ಹತ್ತೊಂಬತ್ತನೆಯ ವಯಸ್ಸಿಗೇ ಸೈನ್ಯ ಸೇರಿದ. ಹದಿನೇಳು ವರ್ಷ ಅಲ್ಲಿದ್ದು, ನಿವೃತ್ತನಾಗಿ ಬಂದವನು ಗದಗದ ಒಂದು ಖಾಸಗಿ ಕಚೇರಿಯಲ್ಲಿ ಗನ್‌ಮ್ಯಾನ್ ಆದ. ಬಂದೂಕು ಅವನದೇ, ಲೈಸೆನ್ಸೂ ಅವನದೇ. ತ್ರೀ ಫಿಫ್ಟೀನ್ ಎಂದು ಕರೆಯುವ ರೈಫಲ್ಲು. ಅದನ್ನು ಅವನು ಒರೆಸುವುದನ್ನು ನೋಡಿದರೆ ಅಪ್ಪ ಮಗ್ಗಕ್ಕೆ ಎಣ್ಣೆ ಬಿಡುತ್ತಿದ್ದುದು ನೆನಪಾಗುತ್ತಿತ್ತು. ನಾನು ಗದಗದ ಕಾಲೇಜೊಂದರ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಇನ್‌ಸ್ಟ್ರಕ್ಟರ್. ಬಂದೂಕಿನ ಬಗ್ಗೆ ನನಗೆ ಗೊತ್ತಿದ್ದದ್ದು ಸದ್ದು ಮಾಡುತ್ತದೆ ಎನ್ನುವಷ್ಟೇ.

ವರ್ಷಕ್ಕೊಮ್ಮೆ ಗನ್‌ಮ್ಯಾನ್‌ಗಳೆಲ್ಲ ಪೊಲೀಸರ ಮೈದಾನದಲ್ಲಿ ಗುರಿ ಹೊಡೆದು ತೋರಿಸಬೇಕಿತ್ತು. ಆ ಸಲ ಅಣ್ಣ ಐದು ಗುಂಡು ಸರಿಯಾಗಿ ಹೊಡೆದ. ಆರನೆಯದಕ್ಕೆ ಕಾಡತೂಸನ್ನು ಹಿಂದಿನಿಂದ ಮುಚ್ಚುವ ಬೋಲ್ಟಿನ ಸಂದಿಯಿಂದ ಕಿಡಿ, ಹೊಗೆ ಎದ್ದು ಮುಖಕ್ಕೆ ಬಡಿಯಿತು. ಬೋಲ್ಟನ್ನು ಬಡಿದು ಬಡಿದು ತೆಗೆದರೆ, ಕಾಡತೂಸಿನ ಹಿತ್ತಾಳೆಯ ಕೇಸು ಉದ್ದಕ್ಕೆ ಸೀಳಿತ್ತು.

ಅಷ್ಟಕ್ಕೇ ಮುಗಿದಿದ್ದರೆ ಅದೊಂದು ಅಪಘಾತವಾಗುತ್ತಿತ್ತು. ಆದರೆ ಅಲ್ಲಿ ಖಾಲಿ ಕೇಸುಗಳನ್ನು ಸಾಲಾಗಿ ನಿಲ್ಲಿಸಿಕೊಳ್ಳಲು ತೂತು ಕೊರೆದ ಮರದ ಹಲಗೆಯೊಂದಿತ್ತು. ಉಳಿದವರ ಕೇಸುಗಳೆಲ್ಲ ತೂತಿನಲ್ಲಿ ಸಲೀಸಾಗಿ ಇಳಿದವು. ಅಣ್ಣನವು ಇಳಿಯಲಿಲ್ಲ. ಸೀಳದೆ ಉಳಿದ ಐದೂ ಹೊಟ್ಟೆಯ ಹತ್ತಿರ ದಪ್ಪಗಿದ್ದವು. ಯಾರೋ ಒಬ್ಬ ಬುದ್ಧಿವಂತ ಅಣ್ಣನದೊಂದು ಕೇಸಿಗೆ, ಇನ್ನೊಬ್ಬರದೊಂದು ಕೇಸಿಗೆ ನುಣ್ಣನೆ ಮರಳು ತುಂಬಿ, ಎರಡನ್ನೂ ಕಾಗದದ ಮೇಲೆ ಸುರಿದು ನೋಡಿದ. ಅಣ್ಣನ ಕೇಸಿನ ಮರಳಿನ ಗುಡ್ಡೆ ದೊಡ್ಡದಿತ್ತು.

ಅಣ್ಣನ ಕಚೇರಿಯ ಮ್ಯಾನೇಜರ್ ಅಲ್ಲೇ ನಿಂತಿದ್ದರು.

"ನೋಡ್ರಿ, ಇವನ ಕೇಸಿನ್ಯಾಗ ಮದ್ದು ಜಾಸ್ತಿ ಹಿಡಸ್ತೈತಿ. ಅಂದ್ರ ಇಂವಾ ಕಾಡತೂಸು ಬಿಚ್ಚಿ ಮದ್ದು ಹೆಚ್ಚಿಗಿ ತುಂಬ್ಯಾನ. ಅದಕ್ಕ ಸಿಡದೈತಿ," ಎಂದರು.

ಕೇಳಿದವರಿಗೆ ಅದು ಸರಿಯೆನಿಸಿತು. ಮರಳಿನ ಗುಡ್ಡೆ ಎಲ್ಲರ ಕಣ್ಣೆದುರಿಗಿತ್ತಲ್ಲ. ರೈಫಲ್ಲು, ಉಳಿದ ಕಾಡತೂಸುಗಳು, ಖಾಲಿ ಕೇಸುಗಳು ಎಲ್ಲ ಠಾಣೆ ಸೇರಿದವು. ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡ ಎಂದು ಕಚೇರಿಯವರು ಹೇಳಿ ಕಳಿಸಿದರು. ಕಾಡತೂಸಿಗೆ ಕೈ ಹಾಕಿದ್ದು ಖಚಿತವಾದರೆ ಲೈಸೆನ್ಸು ಹೋಗುವುದಷ್ಟೇ ಅಲ್ಲ, ಕೋರ್ಟಿನಲ್ಲಿ ಮೊಕದ್ದಮೆಯೂ ಆಗುತ್ತಿತ್ತು.

ಕೆನ್ನೆಗೆ ಮುಲಾಮು ಹಚ್ಚಿಕೊಂಡು ಅಣ್ಣ ಪಡಸಾಲೆಯಲ್ಲಿ ಕುಳಿತ. ನಾನು ಎದುರಿಗೆ ಕುಳಿತು ಕೇಳಿದೆ, "ಖರೇ ಹೇಳಣ್ಣ, ಅದಕ್ಕೇನರ ಮಾಡಿಯೇನು?"

"ಕಾಡತೂಸಿಗೆ ನಾ ಕೈ ಹಚ್ಚಿಲ್ಲ," ಎಂದ. ನಾನು ಅವನನ್ನು ನಂಬಿದೆ. ಆದರೆ ತಂಗಿ ನಂಬಿದರೆ ಪೊಲೀಸರು ನಂಬಬೇಕೆಂದೇನಿದೆ?

ಮುಂಡರಗಿಯಲ್ಲಿ ಒಬ್ಬ ಹಿರಿಯರಿದ್ದಾರೆ, ಸೈನ್ಯದ ವರ್ಕ್‌ಶಾಪಿನಲ್ಲಿ ಜೀವಮಾನವೆಲ್ಲ ಬಂದೂಕು ರಿಪೇರಿ ಮಾಡಿದವರು ಎಂದು ಅಣ್ಣನ ಹಳೆಯ ಸಂಗಡಿಗನೊಬ್ಬ ಹೇಳಿದ. ರವಿವಾರ ನಾನೂ ಅಣ್ಣನೂ ಬಸ್ಸು ಹತ್ತಿದೆವು.

ಊರ ಅಂಚಿನಲ್ಲಿ, ಕಪ್ಪತಗುಡ್ಡ ನೀಲಿಯಾಗಿ ಕಾಣುವ ಕಡೆ ಅವರ ಮನೆ. ಎಪ್ಪತ್ತು ದಾಟಿದ ಎಲುಬಿನ ಆಳು. ಅಂಗಳದಲ್ಲಿ ಚಾಪೆಯ ಮೇಲೆ ಕುಳಿತು, ಕಾಡುಹಂದಿ ಕಾಯುವ ರೈತನೊಬ್ಬನ ಹಳೆಯ ಬಂದೂಕಿನ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದಿದ್ದರು. ಅಣ್ಣ ಅಟೆನ್ಷನ್ನಿನಲ್ಲಿ ನಿಂತು "ಜೈಹಿಂದ್ ಸಾಹೇಬರ" ಎಂದ. ಅವರು ತಲೆಯೆತ್ತದೆ, "ಕುಂಡ್ರಪ್ಪ, ಈ ಸ್ಪ್ರಿಂಗ್ ಹಾರಿ ಹೋದ್ರ ಮತ್ತ ಸಿಗೂದಿಲ್ಲ," ಎಂದರು. ಅದು ಅದರ ಜಾಗದಲ್ಲಿ ಕುಳಿತ ಮೇಲೆಯೇ ನಮ್ಮ ಕಡೆ ನೋಡಿದರು. ಮೊದಲು ನೋಡಿದ್ದು ಅಣ್ಣನ ಕೆನ್ನೆಯನ್ನು. ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ಕಣ್ಣಿನ ಸುತ್ತ ನಿಧಾನವಾಗಿ ಬೆರಳಾಡಿಸಿ, "ಕಣ್ಣು ಚಲೋ ಅದಾವು," ಎಂದರು.

ಅಣ್ಣ ನಡೆದದ್ದನ್ನೆಲ್ಲ ಹೇಳಿದ. ನಾನು ತಡೆಯಲಾರದೆ, "ಅಜ್ಜಾರ, ನಮ್ಮಣ್ಣ ಹಂತಾವ ಅಲ್ರಿ. ನೀವು ಬಂದು ಒಂದು ಮಾತು ಹೇಳ್ರಿ," ಎಂದೆ.

"ಏನಂತ ಹೇಳ್ಲಿ, ತಂಗಿ?"

"ಇಂವಾ ತಪ್ಪು ಮಾಡಿಲ್ಲಂತ."

"ನನಗ ಗೊತ್ತಿಲ್ಲಲ್ಲ," ಎಂದರು ಅವರು. ಸಿಟ್ಟಿಲ್ಲ, ಬಿಗುಮಾನವೂ ಇಲ್ಲ. "ನೀ ಹೇಳಿದ್ದು ನೀ ಹೇಳಿದ್ದು. ಮ್ಯಾನೇಜರ್ ಹೇಳಿದ್ದು ಮ್ಯಾನೇಜರ್ ಹೇಳಿದ್ದು. ಅಳದು ನೋಡದ ನಾ ಮಾತಾಡಂಗಿಲ್ಲ. ಮರಳು ಸುರುವಿದ್ದು ಅಳತಿ ಅಲ್ಲ. ಒಬ್ಬಂವಾ ಸಡಿಲ ಸುರುವತಾನ, ಒಬ್ಬಂವಾ ಕುಟ್ಟಿ ತುಂಬತಾನ. ನೀರಾದ್ರ ಸುಳ್ಳು ಹೇಳೂದಿಲ್ಲ. ಆದ್ರ ಅದನ್ನ ತೂಗಾಕ ಭಾಳ ನಾಜೂಕಿನ ತಕ್ಕಡಿ ಬೇಕು."

"ನಮ್ಮ ಲ್ಯಾಬಿನ್ಯಾಗ ಐತ್ರಿ," ಎಂದೆ. "ಕೂದಲೆಳಿ ಇಟ್ರೂ ತೂಕ ತೋರಸ್ತೈತಿ."

ಅವರ ಮುಖ ಆಗ ಅರಳಿದ್ದನ್ನು ನಾನು ಮರೆಯಲಾರೆ. ಒಳಗೆ ತಿರುಗಿ, "ಇವರಿಗೆ ಚಹಾ ಮಾಡ್ರಿ," ಎಂದು ಕೂಗಿದರು.

ಠಾಣೆಯ ಅಧಿಕಾರಿ ನನ್ನದೇ ವಯಸ್ಸಿನ ಹೆಂಗಸು. ಅವರೆದುರಿಗೆ ಅಜ್ಜ ಕೇಳಿಕೊಂಡದ್ದು ಮೂರನ್ನು. ಒಂದು, ಅಣ್ಣನ ಅದೇ ಪೆಟ್ಟಿಗೆಯಲ್ಲಿ ಉಳಿದ ಕಾಡತೂಸುಗಳಲ್ಲಿ ಐದನ್ನು, ಅದೇ ಮಾದರಿಯ ಬೇರೆ ರೈಫಲ್ಲಿನಲ್ಲಿ ಹೊಡೆಸಬೇಕು. ಎರಡು, ಆ ಐದು ಖಾಲಿ ಕೇಸುಗಳನ್ನೂ ಅಣ್ಣನ ಐದನ್ನೂ ಪೊಲೀಸರ ಎದುರಿಗೇ ಲ್ಯಾಬಿನಲ್ಲಿ ತೂಗಬೇಕು. ಮೂರು, ಅಣ್ಣನ ರೈಫಲ್ಲಿನ ಚೇಂಬರಿನ ಅಚ್ಚು ತೆಗೆಯಬೇಕು.

"ಚೇಂಬರ್ ಅಂದ್ರ ಮದ್ದು ತುಂಬೋ ಜಾಗಾ ಏನ್ರಿ?" ಎಂದು ಅಧಿಕಾರಿ ಕೇಳಿದರು.

"ಅಲ್ರಿ ಮೇಡಂ. ಕಾಡತೂಸು ಹೋಗಿ ಕೂಡೋ ಗೂಡು. ನಳಿಗಿ ಹಿಂದಿನ ತುದಿಯಾಗ ಇರತೈತಿ. ಮದ್ದು ಇರೂದು ಕಾಡತೂಸಿನ್ಯಾಗ. ಗೂಡಿಗೂ ಮದ್ದಿಗೂ ನಡುವ ಹಿತ್ತಾಳಿ ಐತಿ. ಆ ಹಿತ್ತಾಳಿನ ನಮಗ ಸಾಕ್ಷಿ."

ಆ ಮಾತು ಅಧಿಕಾರಿಗೆ ಹಿಡಿಸಿರಬೇಕು. ಒಪ್ಪಿದರು. ಅದೇ ಮಾದರಿಯ ರೈಫಲ್ಲಿದ್ದ ಉಳಿದ ಗನ್‌ಮ್ಯಾನ್‌ಗಳು ಕೊಡಲು ಹಿಂಜರಿದರು; ಸಿಕ್ಕಿದ್ದು ಲಕ್ಷ್ಮೇಶ್ವರದ ದೊಡ್ಡ ರೈತರೊಬ್ಬರ ಹತ್ತಿರ. ಅವರು ಅಜ್ಜನ ಹೆಸರು ಕೇಳಿಯೇ ಜೀಪಿನಲ್ಲಿ ತಂದರು. "ಇವರು ಬಾ ಅಂದ್ರ ಬಂದೂಕಲ್ಲ, ಮನಿಮಂದಿನೆಲ್ಲಾ ಕರಕೊಂಡು ಬರ್ತೀನಿ," ಎಂದರು. ಅದೇ ಮೈದಾನದಲ್ಲಿ, ಅದೇ ಪೆಟ್ಟಿಗೆಯ ಐದು ಕಾಡತೂಸು. ಅಜ್ಜ ಮೊದಲು ಒಂದೊಂದನ್ನೂ ತಿರುಗಿಸಿ ತಿರುಗಿಸಿ, ದಪ್ಪ ನೋಡುವ ಗೇಜಿನಿಂದ ಅಳೆದು ಪೊಲೀಸ್ ಪೇದೆಗೆ ಬರೆಸಿದರು. ಆಮೇಲೆ ಐದನ್ನೂ ಹೊಡೆಸಿದರು. ಒಂದೂ ಸೀಳಲಿಲ್ಲ. ಖಾಲಿ ಕೇಸುಗಳು ಐದೂ ಹಲಗೆಯ ತೂತಿನಲ್ಲಿ ಇಳಿದವು.

ನಾನು ಕುಣಿಯುವುದೊಂದು ಬಾಕಿ. "ಆತಲ್ರಿ ಅಜ್ಜಾರ? ಕಾಡತೂಸಿಂದು ತಪ್ಪಿಲ್ಲ!"

"ಇನ್ನೂ ಆಗಿಲ್ಲ. ಐದು ಚಲೋ ಅದಾವು ಅಂದ್ರ ಆರನೇದೂ ಚಲೋ ಇತ್ತು ಅಂತ ಹ್ಯಾಂಗ ಹೇಳ್ತಿ? ತೂಗೂಣ."

ಬುಧವಾರ ಬೆಳಿಗ್ಗೆ ಪಾಠ ಶುರುವಾಗುವ ಮೊದಲು ಅವರು ಲ್ಯಾಬಿಗೆ ಬಂದರು. ಬಿಳಿ ಅಂಗಿ, ಇಸ್ತ್ರಿ ಮಾಡಿದ ಧೋತರ. ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಬಂದರು. ಬೇಡವೆಂದರೂ ಕೇಳಲಿಲ್ಲ. ಜತೆಗೆ ಕೇಸುಗಳ ಎರಡು ಚೀಲ ಹಿಡಿದ ಪೇದೆ, ಅಧಿಕಾರಿ. ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯನ್ನು ಕಂಡು ಅಜ್ಜ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. ಆಮೇಲೆ ಹೇಳಿದರು, ಇಷ್ಟು ಚೆಲುವಾದ ಉಪಕರಣ ಕಂಡರೆ ಕೈ ತಾನಾಗಿ ಮುಟ್ಟಲು ಹೋಗುತ್ತದೆ, ಅದಕ್ಕೇ ಕಟ್ಟಿಕೊಂಡೆ ಎಂದು.

ತೂಗಿದವಳು ನಾನು. ಹೇಗೆಂದು ಹೇಳಿದವರು ಅವರು. ಮೊದಲು ಒಣ ಕೇಸಿನ ತೂಕ. ಆಮೇಲೆ ಡ್ರಾಪರಿನಿಂದ ಹನಿಹನಿಯಾಗಿ ನೀರು. ಒಂದು ಹನಿ ಸಾಬೂನು ಬೆರೆಸಲು ಹೇಳಿದ್ದರು, ಒಳಗೆ ಗಾಳಿಗುಳ್ಳೆ ನಿಲ್ಲಬಾರದೆಂದು. ಬಾಯಿಯ ತನಕ ತುಂಬಿದಾಗ ನೀರು ಸ್ವಲ್ಪ ಉಬ್ಬಿ ನಿಲ್ಲುತ್ತದೆ. ಆ ಉಬ್ಬನ್ನು ಕಾಗದದ ಅಂಚಿನಿಂದ ಸವರಿ ಸಪಾಟು ಮಾಡಬೇಕು. ಹೊರಮೈ ಒರೆಸಿ ಮತ್ತೆ ತೂಕ. ಎರಡರ ನಡುವಿನ ವ್ಯತ್ಯಾಸವೇ ಒಳಗಿನ ಜಾಗ. ಇಪ್ಪತ್ತು ವರ್ಷ ಲ್ಯಾಬಿನಲ್ಲಿ ಕೆಲಸ ಮಾಡಿದವಳು ಮೊದಲ ಕೇಸಿಗೇ ಹೊರಗೆ ಹರಿಯುವಷ್ಟು ನೀರು ಬಿಟ್ಟೆ.

"ಸಾವಕಾಶ, ತಂಗಿ," ಎಂದರು. "ನಿಮ್ಮಣ್ಣನ್ನ ಮರತು ತೂಗು. ಅಂವಾ ನೆನಪಿದ್ರ ಹನಿ ಜಾಸ್ತಿ ಬೀಳ್ತಾವು."

ಅವನನ್ನು ಮರೆತೇ ತೂಗಿದೆ. ಒಂದೊಂದನ್ನೂ ಮೂರು ಸಲ. ಲಕ್ಷ್ಮೇಶ್ವರದ ರೈಫಲ್ಲಿನಿಂದ ಬಂದ ಐದೂ ತಮ್ಮತಮ್ಮಲ್ಲಿ ಹೆಚ್ಚುಕಡಿಮೆ ಸಮ. ಅಣ್ಣನ ಐದೂ ತಮ್ಮತಮ್ಮಲ್ಲಿ ಸಮ. ಆದರೆ ಅಣ್ಣನವು ಪ್ರತಿಯೊಂದೂ ಹತ್ತಿರಹತ್ತಿರ ಎರಡು ಗುಲಗಂಜಿ ತೂಕದಷ್ಟು ನೀರನ್ನು ಹೆಚ್ಚಿಗೆ ಕುಡಿದವು. ಒಣ ಹಿತ್ತಾಳೆಯ ತೂಕ ಮಾತ್ರ ಹತ್ತಕ್ಕೆ ಹತ್ತೂ ಒಂದೇ ಅಂದಾಜಿನಲ್ಲಿತ್ತು.

ಅಧಿಕಾರಿ ನನ್ನ ಹಾಳೆಯನ್ನು ನೋಡಿ ಹುಬ್ಬು ಗಂಟಿಕ್ಕಿದರು. "ಅಜ್ಜಾರ, ಇದು ಮ್ಯಾನೇಜರ್ ಹೇಳಿದ್ದನ್ನ ಖರೆ ಮಾಡಿದಂಗಾತಲ್ರಿ. ಇವರ ಕೇಸಿನ್ಯಾಗ ಜಾಸ್ತಿ ಹಿಡಸ್ತೈತಿ."

ಅಜ್ಜ ನಕ್ಕರು.

"ಹಿಡಸೂದು ಬ್ಯಾರೆ, ಹಾಕಿದ್ದು ಬ್ಯಾರೆ ಮೇಡಂ. ಈ ಕೇಸು ಹೊಡದ ಮ್ಯಾಲ ಹಿಂಗಾಗೈತಿ, ಹೊಡಿಯೂಕಿಂತ ಮುಂಚೆ ಅಲ್ಲ. ಹೊಸ ಕಾಡತೂಸೆಲ್ಲ ಒಂದ ಅಳತಿ, ನಿಮ್ಮ ಪೇದೆನ ಬರಕೊಂಡಾನ. ಮದ್ದು ಉರದಾಗ ಹಿತ್ತಾಳಿ ಉಬ್ಬತೈತಿ. ಎಲ್ಲಿತನಕ? ಗೂಡಿನ ಗ್ವಾಡಿ ಸಿಗೂತನಕ. ಗ್ವಾಡಿ ಹತ್ರ ಇದ್ರ ಅಲ್ಲೇ ನಿಂದರ್ತೈತಿ. ದೂರ ಇದ್ರ ಅಲ್ಲಿಮಟ ಹೋಗಬೇಕು. ಹೋಗಿ ಅದ ಆಕಾರಕ್ಕ ಉಳೀತೈತಿ. ಅಂದ್ರ ಈಗ ನೀವು ತೂಗಿದ್ದು ಕಾಡತೂಸನ್ನಲ್ಲ. ರೈಫಲ್ಲಿನ ಗೂಡನ್ನ ತೂಗೀರಿ."

ನನ್ನ ಕೈಯಲ್ಲಿದ್ದ ಆ ಹಿತ್ತಾಳೆಯ ಚೂರನ್ನು ಹೊಸದಾಗಿ ನೋಡಿದೆ. ಉಕ್ಕಿನ ಒಳಗೆ, ಕಣ್ಣಿಗೆ ಕಾಣದ ಜಾಗದ ಅಳತೆಯನ್ನು ಅದು ಹೊತ್ತುಕೊಂಡು ಬಂದಿತ್ತು.

"ಮತ್ತ ಸಿಡದಿದ್ದು?" ಎಂದರು ಅಧಿಕಾರಿ. "ಜಾಗಾ ಜಾಸ್ತಿ ಆದ್ರ ಜೋರೂ ಜಾಸ್ತಿ ಅಲ್ಲೇನ್ರಿ?"

"ಉಲ್ಟಾ. ಅಷ್ಟ ಮದ್ದಿಗೆ ಜಾಗಾ ಹೆಚ್ಚು ಸಿಕ್ರ ಒತ್ತಡ ಒಂದೀಟು ಕಡಿಮಿನ ಆಗ್ತೈತಿ. ಇಲ್ಲಿ ಒತ್ತಡ ಹೆಚ್ಚಾಗಿ ಸೀಳಿಲ್ಲ. ಹಿತ್ತಾಳಿಗೆ ಹಿಗ್ಗಾಕ ಒಂದು ಮಿತಿ ಐತಿ. ಗ್ವಾಡಿ ಅದರ ಮಿತಿಕಿಂತ ದೂರ ಇತ್ತು. ಐದು ಹ್ಯಾಂಗೋ ತಾಳಿಕೊಂಡ್ವು, ಆರನೇದು ತಾಳಲಿಲ್ಲ."

ಮಧ್ಯಾಹ್ನ ಠಾಣೆಯ ಹಿತ್ತಲಿನಲ್ಲಿ ಅಜ್ಜ ಅಚ್ಚು ತೆಗೆದರು. ನಳಿಗೆಯೊಳಗೆ ಅರಳೆಯ ಬಿರಡೆ ಕೊಟ್ಟು, ಚೇಂಬರಿಗೆ ತೆಳ್ಳಗೆ ಎಣ್ಣೆ ಸವರಿ, ಸಣ್ಣ ಒಲೆಯ ಮೇಲೆ ಕರಗಿಸಿದ ಗಂಧಕವನ್ನು ಹಿಂದಿನಿಂದ ಹೊಯ್ದರು. ನಾವೆಲ್ಲ ಸೆರಗು, ಕರವಸ್ತ್ರ ಮೂಗಿಗೆ ಹಿಡಿದು ದೂರ ನಿಂತೆವು. ಅವರು ಮಾತ್ರ ಗಾಳಿ ಬೀಸುವ ಕಡೆಗೆ ಬೆನ್ನು ಹಾಕಿ, ಒಂದೇ ಧಾರೆಯಲ್ಲಿ, ಒಂದು ತೊಟ್ಟೂ ಚೆಲ್ಲದಂತೆ ಹೊಯ್ದರು. ಆರಿದ ಮೇಲೆ ಮುಂದಿನಿಂದ ಕೋಲು ಕೊಟ್ಟು ತಳ್ಳಿದಾಗ, ಹಳದಿ ಬಣ್ಣದ ಕಾಡತೂಸಿನಂಥದ್ದೊಂದು ಅವರ ಅಂಗೈಗೆ ಜಾರಿತು.

ಅವರು ಅದನ್ನು ಬಹಳ ಹೊತ್ತು ತಿರುಗಿಸಿದರು. ಗೇಜು ಹಿಡಿದರು. ಮತ್ತೆ ತಿರುಗಿಸಿ ಹಿಡಿದರು. ಆಮೇಲೆ ಅಣ್ಣನನ್ನು ಮಾತ್ರ ಕರೆದು ಬೇವಿನ ಮರದ ಕೆಳಗೆ ಹೋದರು. ನಾನು ಕರೆಯದೆಯೇ ಹಿಂದೆ ಹೋದೆ.

"ಗೂಡು ದುಂಡಗ ಇಲ್ಲ," ಎಂದರು. "ಒಂದು ಬಾಜು ಜಾಸ್ತಿ ತಿಂದೈತಿ. ಮೈಮ್ಯಾಲ ಸುತ್ತಾಕಾರ ಗೀರು ಅದಾವು. ಕಾರ್ಖಾನಿಯಾಗ ಹಿಂಗ ಕೊರಿಯೂದಿಲ್ಲ. ಏನ್ ಹಾಕಿ ತಿಕ್ಕಿದಿ?"

ಅಣ್ಣ ನೆಲ ನೋಡಿದ. ನಾನು ಅವನ ಮುಖ ನೋಡಿದೆ.

"ಗೂಡಿಗೆ ತುಕ್ಕು, ಜಂಗು ಹತ್ತಿತ್ತು, ಸಾಹೇಬರ," ಎಂದ ಕೊನೆಗೆ. "ಎರಡು ಮಳಿಗಾಲದ ಹಿಂದ. ಕೋಲಿಗೆ ತಿಕ್ಕೋ ಎಮರಿ ಕಾಗದ ಸುತ್ತಿ, ಡ್ರಿಲ್ಲಿಗೆ ಹಾಕಿ ತಿರುವಿದೆ. ಕನ್ನಡಿಯಂಗ ಮಾಡಬೇಕನಸ್ತು. ಹೋದ ವರ್ಷನೂ ಮಾಡಿದೆ."

"ಎಷ್ಟೊತ್ತು?"

"ಹೊಳಿಯೂತನಕ."

ಅಜ್ಜ ಕಣ್ಣು ಮುಚ್ಚಿಕೊಂಡರು. ಬೈಯುತ್ತಾರೆ ಎಂದುಕೊಂಡೆ. "ಮೊದಲ ಒಂದೀಟು ಸಡಿಲ ಇದ್ದಿರಬೇಕು ಈ ಗೂಡು. ಉಳಿದದ್ದು ನೀ ಮಾಡಿದಿ. ಪ್ರೀತಿಲೆ ಮಾಡಿದಿ, ಅದು ಗೊತ್ತಾಗ್ತೈತಿ. ಆದ್ರ ಉಕ್ಕಿಗೆ ಅದು ಗೊತ್ತಾಗೂದಿಲ್ಲ," ಎಂದರು.

ಆಗ ನನ್ನ ಬಾಯಿಂದ ಬಂದ ಮಾತಿಗೆ ಇವತ್ತಿಗೂ ನಾಚಿಕೆಪಡುತ್ತೇನೆ. "ಅಜ್ಜಾರ, ಗೂಡು ದೊಡ್ಡದೈತಿ ಅಂತಷ್ಟ ಹೇಳಿದ್ರ ಸಾಕಲ್ರಿ? ಕಾಡತೂಸು ಬಿಚ್ಚಿಲ್ಲ ಅಂತ ಗೊತ್ತಾತು. ಯಾಕ ದೊಡ್ಡದಾತು ಅಂತ ಅವರು ಕೇಳಿಲ್ಲ."

ಅವರು ನನ್ನನ್ನು ನೋಡಲಿಲ್ಲ. ಅಣ್ಣನನ್ನು ನೋಡಿದರು. "ನಾ ಅಳದಿದ್ದು ನಾ ಹೇಳ್ತೀನಿ, ಗೀರು ಅದಾವು ಅಂತನೂ ಹೇಳ್ತೀನಿ. ಯಾರು ಗೀರಿದ್ರು ಅನ್ನೂದು ನಾ ಕಂಡಿಲ್ಲ. ಅದು ನಿನ್ನ ಮಾತು. ನೀನ ಹೇಳಬೇಕು."

ಅಣ್ಣ ಒಂದು ನಿಮಿಷವೂ ತಡಮಾಡಲಿಲ್ಲ. ನೆಟ್ಟಗೆ ಅಧಿಕಾರಿಯ ಕೋಣೆಗೆ ನಡೆದ. ಮ್ಯಾನೇಜರೂ ಅಲ್ಲಿದ್ದರು. ಅವರಿಬ್ಬರ ಎದುರಿಗೆ ಎಮರಿ ಕಾಗದ, ಡ್ರಿಲ್ಲು, ಎರಡು ಮಳೆಗಾಲ, ಎಲ್ಲವನ್ನೂ ಹೇಳಿದ. "ಕಾಡತೂಸಿಗೆ ನಾ ಕೈ ಹಚ್ಚಿಲ್ರಿ. ಆದ್ರ ಬಂದೂಕು ಕೆಡಿಸಿದಂವಾ ನಾನ," ಎಂದ. ನನ್ನಣ್ಣ ಗಡಿಯಲ್ಲಿ ಏನೇನು ಮಾಡಿದ್ದಾನೋ ನಾನು ಕಂಡಿಲ್ಲ. ಅವನು ಧೈರ್ಯವಂತ ಎಂದು ನಾನು ಕಣ್ಣಾರೆ ಕಂಡದ್ದು ಅವತ್ತು.

ಹಿಂದೆಯೇ ಬಂದ ಅಜ್ಜ ಗಂಧಕದ ಅಚ್ಚನ್ನು ಮೇಜಿನ ಮೇಲಿಟ್ಟು, ತಾವು ಅಳೆದದ್ದನ್ನು ಹೇಳಿದರು. ಮ್ಯಾನೇಜರ್ ಅವರ ಕಡೆ ತಿರುಗಿ, "ಹಂಗಾದ್ರ ಮರಳು ಸುರುವಿ ನಾವು ಕಂಡಿದ್ದು ಖರೆನ ಇತ್ತು, ತಿಳಕೊಂಡಿದ್ದು ತಪ್ಪಿತ್ತು," ಎಂದರು. ಅಜ್ಜ ಅದಕ್ಕೆ, "ಹೌದ್ರಿ, ನೀವು ಕಂಡಿದ್ದರಾಗ ಏನೂ ತಪ್ಪಿರಲಿಲ್ಲ," ಎಂದು ಅವರ ಮಾನವನ್ನೂ ಉಳಿಸಿದರು.

ಕಾಡತೂಸಿನ ಆರೋಪ ಬಿದ್ದುಹೋಯಿತು. ಲೈಸೆನ್ಸು ಉಳಿಯಿತು. ರೈಫಲ್ಲು ಉಪಯೋಗಕ್ಕೆ ಬಾರದ್ದೆಂದು ಬರೆದು ಇಟ್ಟುಕೊಂಡರು. ಅದನ್ನು ಬಿಟ್ಟು ಬರುವಾಗ ಅಣ್ಣ ಒಮ್ಮೆ ಅದರ ಮರದ ಹಿಡಿಯನ್ನು ಸವರಿದ, ಅಷ್ಟೇ. ಹದಿನೈದು ದಿನಕ್ಕೆ ಕಚೇರಿಯವರು ಅವನನ್ನು ಮರಳಿ ಕರೆದರು. ಈಗ ಅವರದೇ ಜೋಡುನಳಿಗೆಯ ಬಂದೂಕು ಹಿಡಿದು ನಿಲ್ಲುತ್ತಾನೆ. ಸಂಬಂಧ ಮೊದಲಿನಷ್ಟು ಸಲಿಗೆಯದಲ್ಲ, ಕೆಟ್ಟದ್ದೂ ಅಲ್ಲ.

ನಾನು ನಮ್ಮ ಪ್ರಿನ್ಸಿಪಾಲರಿಗೆ ಇದನ್ನೆಲ್ಲ ಹೇಳಿದಾಗ, ಆ ಹಿರಿಯರನ್ನು ಒಂದು ದಿನ ಮಕ್ಕಳಿಗೆ ಪಾಠ ಹೇಳಲು ಕರೆಯಿರಿ ಎಂದರು. ಅಜ್ಜ ಎರಡು ಸಲ ಒಲ್ಲೆ ಎಂದರು. "ನಾ ಸಾಲ್ಯಾಗ ಏಳನೇತ್ತಾ ಪಾಸ್ ಆಗಿಲ್ಲ, ತಂಗಿ." ಮೂರನೆಯ ಸಲ ಬಂದರು. ಅಳತೆ ಎಂದರೇನು, ಉಪಕರಣವನ್ನು ಎಷ್ಟು ನಂಬಬೇಕು, ತನ್ನ ಕೈಯನ್ನು ಎಷ್ಟು ಅನುಮಾನಿಸಬೇಕು ಎಂದು ಒಂದು ತಾಸು ಹೇಳಿದರು. ಮೊಬೈಲು ಮುಟ್ಟಿದವರಿಲ್ಲ. ಕೊನೆಯಲ್ಲಿ ಶಿರಹಟ್ಟಿಯಿಂದ ದಿನಾ ಬಸ್ಸಿಗೆ ಬರುವ ಹುಡುಗಿಯೊಬ್ಬಳು ಎದ್ದು ನಿಂತಳು.

"ಅಜ್ಜಾರ, ನೀವು ರಿಪೇರಿ ಮಾಡಿದ ಬಂದೂಕಿಲೆ ಎಷ್ಟು ಮಂದಿ ಸತ್ತಿರಬೇಕ್ರಿ?"

ನಾನು ಅವಳನ್ನು ಕೂರಿಸಲು ಹೋದೆ. ಅವರು ಕೈಯೆತ್ತಿ ತಡೆದರು.

"ಅದನ್ನ ನನಗ ಯಾರೂ ಹೇಳಲಿಲ್ಲವ್ವ. ನಾನೂ ಕೇಳಲಿಲ್ಲ. ಜೀವನದಾಗ ಇಷ್ಟೆಲ್ಲಾ ಅಳದೆ, ಅದೊಂದನ್ನ ಅಳಿಯಾಕ ಹೋಗಲಿಲ್ಲ. ಅಂಜಿಕಿ ಇತ್ತು," ಎಂದರು.

ಹುಡುಗಿ ಕೈ ಮುಗಿದು ಕುಳಿತಳು. ಅವರನ್ನು ಬಸ್ ನಿಲ್ದಾಣಕ್ಕೆ ಬಿಡಲು ನಾನೂ ಆಟೋದಲ್ಲಿ ಹೋದೆ. ಮುಂಡರಗಿ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತ ಮೇಲೆ ಹೊರಗೆ ಬಾಗಿ, "ಆ ಹುಡುಗಿ ಭಾಳ ಶಾಣ್ಯಾ ಅದಾಳ. ಆಕಿಗೆ ಚಲೋತ್ನಾಗಿ ಕಲಿಸು," ಎಂದರು.